ಕಡಲಿನ ಉಬ್ಬರ, ಬಯಲಿನ ಲೆಕ್ಕ

ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿಯು ಅರಬ್ಬೀ ಸಮುದ್ರವನ್ನು ಸೇರುವೆಡೆ, ಇಳಿತದ ವೇಳೆಗೆ ಬಳಚು ಆಯುವವರು ನೀರಿಗಿಳಿಯುತ್ತಾರೆ. ಉಬ್ಬರವೇರುವ ಮುನ್ನ ದಡ ಸೇರುತ್ತಾರೆ. ವೇಳೆ ತಪ್ಪಿದರೆ ಅಂದಿನ ಗಳಿಕೆಗೆ ಕುಂದು. ಕೆಲವೊಮ್ಮೆ ಪ್ರಾಣಕ್ಕೂ ಅಪಾಯ.

ಚಂದ್ರನ ಸೆಳೆತದಿಂದ ಕಡಲು ಉಬ್ಬುತ್ತದೆ ಎಂಬುದು ಎಲ್ಲರೂ ಕೇಳಿದ ಮಾತು. ಹಾಗಿದ್ದರೆ ದಿನಕ್ಕೆ ಒಂದೇ ಉಬ್ಬರ ಸಾಕಲ್ಲವೆ? ಎರಡೇಕೆ? ಸೂರ್ಯನು ಭೂಮಿಯನ್ನು ಚಂದ್ರನಿಗಿಂತ ಸುಮಾರು 180 ಪಟ್ಟು ಬಲವಾಗಿ ಸೆಳೆಯುತ್ತಾನೆ. ಆದರೂ ಉಬ್ಬರದಲ್ಲಿ ಚಂದ್ರನದೇ ಮೇಲುಗೈ ಏಕೆ? ಈ ಒಗಟುಗಳನ್ನು ಶಾಲೆಯ ಬಯಲಿನಲ್ಲಿಯೇ ಬಿಡಿಸಬಹುದು.

ನ್ಯೂಟನ್ 1687ರಲ್ಲಿ ಪ್ರಕಟಿಸಿದ ನಿಯಮದಂತೆ ದೂರವು ಎರಡು ಪಟ್ಟಾದರೆ ಸೆಳೆತವು ನಾಲ್ಕನೆಯ ಒಂದು ಭಾಗವಾಗುತ್ತದೆ. ಮೂರು ಪಟ್ಟಾದರೆ ಒಂಬತ್ತನೆಯ ಒಂದು ಭಾಗ. ಭೂಮಿಯ ತ್ರಿಜ್ಯವನ್ನು ಒಂದು ಹೆಜ್ಜೆಯೆಂದು ಭಾವಿಸೋಣ. ಆಗ ಚಂದ್ರನಿಗೂ ಭೂಮಿಯ ಕೇಂದ್ರಕ್ಕೂ ಇರುವ ಅಂತರ ಸುಮಾರು 60 ಹೆಜ್ಜೆ. ಒಬ್ಬ ವಿದ್ಯಾರ್ಥಿಯು ಚಂದ್ರನಾಗಿ ನಿಲ್ಲಲಿ. ಅವನಿಂದ 59, 60 ಮತ್ತು 61ನೆಯ ಹೆಜ್ಜೆಗಳಲ್ಲಿ ಇನ್ನು ಮೂವರು ಕ್ರಮವಾಗಿ ಇತ್ತಣ ಕಡಲು, ಭೂಮಿಯ ಕೇಂದ್ರ, ಅತ್ತಣ ಕಡಲು ಆಗಲಿ. ಕೇಂದ್ರದ ಮೇಲಿನ ಸೆಳೆತವನ್ನು 1000 ಎಂದಿಟ್ಟುಕೊಂಡು, ಅದನ್ನು 60ರ ವರ್ಗದಿಂದ ಗುಣಿಸಿ 59ರ ವರ್ಗದಿಂದ ಭಾಗಿಸಿದರೆ ಸುಮಾರು 1034 ಬರುತ್ತದೆ. 61ರ ವರ್ಗದಿಂದ ಭಾಗಿಸಿದರೆ 967.

ಇತ್ತಣ ನೀರಿಗೆ ಕೇಂದ್ರಕ್ಕಿಂತ 34ರಷ್ಟು ಹೆಚ್ಚು ಸೆಳೆತ; ಆದ್ದರಿಂದ ಅದು ಚಂದ್ರನತ್ತ ಉಬ್ಬುತ್ತದೆ. ಅತ್ತಣ ನೀರಿಗೆ ಕೇಂದ್ರಕ್ಕಿಂತ 33ರಷ್ಟು ಕಡಿಮೆ. ಆದ್ದರಿಂದ ಅದು ಹಿಂದುಳಿದು ಅಲ್ಲಿಯೂ ಉಬ್ಬುಂಟಾಗುತ್ತದೆ. ಭೂಮಿಯು ಒಮ್ಮೆ ಸುತ್ತುವಾಗ ನಮ್ಮ ಕರಾವಳಿಯು ಎರಡು ಉಬ್ಬುಗಳನ್ನೂ ಹಾಯುತ್ತದೆ. ಅಷ್ಟರಲ್ಲಿ ಚಂದ್ರನೂ ಮುಂದೆ ಸಾಗಿರುವುದರಿಂದ ಉಬ್ಬರದ ವೇಳೆಯು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ.

ಸೂರ್ಯನಾಗುವ ವಿದ್ಯಾರ್ಥಿಗೆ ಮಾತ್ರ ಈ ಬಯಲು ಸಾಲದು. ಅವನು ಸುಮಾರು 23,500 ಹೆಜ್ಜೆ ನಡೆಯಬೇಕು. ಹೆಜ್ಜೆಗೆ ಅರ್ಧ ಮೀಟರಿನಂತೆ ಅದು ಹನ್ನೆರಡು ಕಿಲೋಮೀಟರಿಗೆ ಹತ್ತಿರ. ಅಷ್ಟು ದೂರದಲ್ಲಿ ಒಂದು ಹೆಜ್ಜೆ ಹೆಚ್ಚುಕಡಿಮೆಯಾದರೆ ಸೆಳೆತವು ಬದಲಾಗುವುದು ಅತ್ಯಲ್ಪ. ಅವನ ಸೆಳೆತ ಕೇಂದ್ರದ ಮೇಲೆ 1,80,000 ಆದರೆ ಇತ್ತಣ ಕಡಲಿನ ಮೇಲೆ 1,80,015. ವ್ಯತ್ಯಾಸವು ಕೇವಲ 15. ಚಂದ್ರನ 34ರಲ್ಲಿ ಅರ್ಧಕ್ಕಿಂತಲೂ ಕಡಿಮೆ! ಉಬ್ಬರವನ್ನು ನಿರ್ಧರಿಸುವುದು ಸೆಳೆತದ ಈ ವ್ಯತ್ಯಾಸವೇ.

ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಸೂರ್ಯ, ಚಂದ್ರ, ಭೂಮಿಗಳು ಹೆಚ್ಚುಕಡಿಮೆ ಒಂದೇ ಸಾಲಿಗೆ ಬಂದು ಎರಡು ಉಬ್ಬರಗಳೂ ಕೂಡಿಕೊಳ್ಳುತ್ತವೆ. ಅಷ್ಟಮಿಯ ಸುಮಾರಿಗೆ ಒಂದು ಇನ್ನೊಂದನ್ನು ತಗ್ಗಿಸುತ್ತದೆ. ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತವನ್ನು ಕಾಯುವ ಒಡ್ಡುಗಳಿಗೆ ಉಪ್ಪುನೀರಿನ ಒತ್ತಡ ಹೆಚ್ಚುವುದು ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿಯೇ.