ತಾನಾಗಿ ಆರಿಹೋಗುವ ಲ್ಯಾಪ್‌ಟಾಪು

ಚೆನ್ನಾಗಿ ನಡೆಯುತ್ತಿದ್ದ ಲ್ಯಾಪ್‌ಟಾಪು ಥಟ್ಟನೆ ಆರಿಹೋಗುವುದುಂಟು. ಮುಟ್ಟಿ ನೋಡಿದರೆ ಅದರ ತಳ ಸುಡುತ್ತಿರುತ್ತದೆ. ಅರ್ಧ ಗಂಟೆ ಬಿಟ್ಟರೆ ಏನೂ ಆಗದಂತೆ ಮತ್ತೆ ನಡೆಯುತ್ತದೆ. ಯಂತ್ರವೇ ಕೆಟ್ಟಿತೆಂದು ಅನೇಕರು ತೀರ್ಮಾನಿಸಿಬಿಡುತ್ತಾರೆ. ವಾಸ್ತವವಾಗಿ, ಕೆಡಬಾರದೆಂದೇ ಅದು ಆರಿತು. ಅದಕ್ಕೆ ಹೀಗೇಕೆ ಆಯಿತು, ಲಿನಕ್ಸ್ ವ್ಯವಸ್ಥೆಯಿರುವ ಲ್ಯಾಪ್‌ಟಾಪಿನಲ್ಲಿ ಕಾರಣವನ್ನು ಕಂಡುಹಿಡಿಯುವುದು ಹೇಗೆ ಎಂಬುದನ್ನು ವಿಚಾರಿಸೋಣ.

ಗಣಕದ ಹೃದಯವಾದ ಪ್ರೊಸೆಸರು ಒಂದು ಸಣ್ಣ ಸಿಲಿಕಾನ್ ತುಣುಕು. ಅದರೊಳಗಿನ ಕೋಟ್ಯಂತರ ಟ್ರಾನ್ಸಿಸ್ಟರುಗಳು ಸೇವಿಸುವ ವಿದ್ಯುಚ್ಛಕ್ತಿಯು ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗುತ್ತದೆ. ಈ ಶಾಖವನ್ನು ಒಂದು ತಾಮ್ರದ ನಳಿಗೆ ಹೊತ್ತೊಯ್ಯುತ್ತದೆ. 1963ರಲ್ಲಿ ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಜಾರ್ಜ್ ಗ್ರೋವರ್ ಎಂಬ ವಿಜ್ಞಾನಿ ರೂಪಿಸಿದ ಶಾಖನಳಿಗೆಯ ತತ್ತ್ವವೇ ಇದು. ನಳಿಗೆಯ ಬಿಸಿ ತುದಿಯಲ್ಲಿ ದ್ರವವು ಆವಿಯಾಗಿ, ತಂಪಾದ ತುದಿಯಲ್ಲಿ ಮತ್ತೆ ದ್ರವವಾಗಿ, ಅಲ್ಲಿ ಶಾಖವನ್ನು ಬಿಟ್ಟು ಹಿಂದಿರುಗುತ್ತದೆ. ಆ ತುದಿಯಲ್ಲಿರುವ ತೆಳ್ಳನೆಯ ಲೋಹದ ಹಲ್ಲೆಗಳ ಮೇಲೆ ಫ್ಯಾನು ಗಾಳಿಯನ್ನೂದಿ ಶಾಖವನ್ನು ಹೊರಕ್ಕೆ ತಳ್ಳುತ್ತದೆ.

ಈ ದಾರಿಯಲ್ಲಿ ಅಡ್ಡಿಯಾದರೆ ಉಷ್ಣತೆ ಏರುತ್ತದೆ. ಅನೇಕ ಪ್ರೊಸೆಸರುಗಳು 100 ಡಿಗ್ರಿ ಸೆಲ್ಸಿಯಸ್ ಸಮೀಪಿಸುತ್ತಲೇ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಆಗಲೂ ಶಾಖ ಇಳಿಯದೆ, ತಯಾರಕರು ಗೊತ್ತುಮಾಡಿದ ಅಪಾಯದ ಮಟ್ಟವನ್ನು ಮುಟ್ಟಿದರೆ ಲಿನಕ್ಸಿನ ಕರ್ನಲ್ಲು ಯಂತ್ರವನ್ನು ಕ್ರಮವಾಗಿ ಮುಚ್ಚುತ್ತದೆ. ಅದಕ್ಕೂ ವ್ಯವಧಾನವಿಲ್ಲದಿದ್ದರೆ ಯಂತ್ರಾಂಶವೇ ವಿದ್ಯುತ್ತನ್ನು ಕಡಿದುಹಾಕುತ್ತದೆ. ಬರೆದಿಡದ ಕೆಲಸವೆಲ್ಲ ಆಗ ನಷ್ಟವಾಗುತ್ತದೆ.

ಪರೀಕ್ಷೆಯನ್ನು ದಾಖಲೆಯಿಂದ ಪ್ರಾರಂಭಿಸಬೇಕು. ‘ಜರ್ನಲ್‌ಸಿಟಿಎಲ್’ ಎಂಬ ಆಜ್ಞೆಯು ಯಂತ್ರ ಹಿಂದಿನ ಸಲ ನಡೆದಾಗಿನ ದಿನಚರಿಯನ್ನು ತೋರಿಸಬಲ್ಲದು. ಅದರ ಕೊನೆಯಲ್ಲಿ ಉಷ್ಣತೆ ಅಪಾಯದ ಮಟ್ಟ ಮುಟ್ಟಿತೆಂಬ ಸಾಲಿದ್ದರೆ ಸಂಶಯಕ್ಕೆಡೆಯಿಲ್ಲ. ದಿನಚರಿ ನಡುವೆಯೇ ತುಂಡಾಗಿದ್ದರೆ ಬ್ಯಾಟರಿ ಅಥವಾ ಚಾರ್ಜರಿನ ದೋಷವೂ ಇರಬಹುದು. ಆದುದರಿಂದ ಉಷ್ಣತೆಯನ್ನು ಅಳೆದೇ ನೋಡಬೇಕು. ‘ಸೆನ್ಸರ್ಸ್’ ಎಂಬ ಆಜ್ಞೆ ಅದನ್ನು ತಿಳಿಸುತ್ತದೆ. ಯಾವ ಕಾರ್ಯಕ್ರಮವು ಪ್ರೊಸೆಸರನ್ನು ದುಡಿಸುತ್ತಿದೆ ಎಂಬುದನ್ನು ‘ಟಾಪ್’ ತಿಳಿಸುತ್ತದೆ.

ಇವೆರಡನ್ನೂ ಹೋಲಿಸಿದರೆ ದೋಷವಿರುವ ಜಾಗ ಸಿಕ್ಕುತ್ತದೆ. ಯಾವುದೋ ಒಂದು ಕಾರ್ಯಕ್ರಮವು ಕಾರಣವಿಲ್ಲದೆ ಬಿಡುವಿಲ್ಲದಂತೆ ಓಡುತ್ತಿದ್ದರೆ ಅದನ್ನು ನಿಲ್ಲಿಸಿದರೆ ಸಾಕು. ಹೆಚ್ಚು ಕೆಲಸವಿಲ್ಲದೆಯೂ ಬಿಸಿಯೇರುತ್ತಿದ್ದು, ಫ್ಯಾನು ಮೊರೆದರೂ ಗಾಳಿ ಅಲ್ಪವಾಗಿ ಬರುತ್ತಿದ್ದರೆ ಹಲ್ಲೆಗಳ ಮುಂದೆ ಧೂಳು ಕಂಬಳಿಯಂತೆ ಕಟ್ಟಿಕೊಂಡಿರುವ ಸಂಭವ ಹೆಚ್ಚು. ಹಾಸಿಗೆಯ ಮೇಲಿಟ್ಟು ನಡೆಸಿದರೂ ಗಾಳಿಯ ಕಿಂಡಿ ಮುಚ್ಚಿ ಹೀಗೆಯೇ ಆಗುತ್ತದೆ. ಬಿಸಿಯೇರಿದರೂ ಫ್ಯಾನು ತಿರುಗದಿದ್ದರೆ ದೋಷ ಫ್ಯಾನಿನದು ಅಥವಾ ಅದರ ನಿಯಂತ್ರಣದ್ದು. ಗಾಳಿ ರಭಸವಾಗಿ ಬರುತ್ತಿದ್ದರೂ ಬರಿಯ ಉಗುರುಬೆಚ್ಚಗಿದ್ದು, ಪ್ರೊಸೆಸರು ಮಾತ್ರ ಕುದಿಯುತ್ತಿದ್ದರೆ, ಶಾಖವು ಹಲ್ಲೆಗಳವರೆಗೆ ಬರುತ್ತಲೇ ಇಲ್ಲ. ಪ್ರೊಸೆಸರಿಗೂ ತಾಮ್ರಕ್ಕೂ ನಡುವೆ ಬಳಿದಿರುವ ಲೇಪವು ವರ್ಷಗಳು ಕಳೆದಂತೆ ಒಣಗಿ ಅಲ್ಲಿ ಗಾಳಿ ಸೇರಿರಬಹುದು. ತಾಮ್ರವು ಗಾಳಿಗಿಂತ ಸುಮಾರು 15,000 ಪಟ್ಟು ಉತ್ತಮ ಶಾಖವಾಹಕ. ಕೂದಲೆಳೆಯಷ್ಟು ಗಾಳಿಯ ಪದರವೂ ಶಾಖಕ್ಕೆ ಗೋಡೆಯಾಗುತ್ತದೆ. ಹಳೆಯದನ್ನು ಒರೆಸಿ ಹೊಸ ಲೇಪ ಹಾಕಿಸುವುದೇ ಇದಕ್ಕೆ ಉಪಾಯ.

ಧೂಳು ತೆಗೆಯುವಾಗ ಯಂತ್ರವನ್ನು ಆರಿಸಿ, ಬ್ಯಾಟರಿಯ ಸಂಪರ್ಕ ಬಿಡಿಸಿ, ಫ್ಯಾನು ತಿರುಗದಂತೆ ಹಿಡಿದು ಗಾಳಿಯೂದಬೇಕು. ದುರಸ್ತಿಯಾಗುವವರೆಗೆ ಪ್ರೊಸೆಸರಿನ ಗರಿಷ್ಠ ವೇಗವನ್ನು ತಗ್ಗಿಸಿಡುವುದು ಲೇಸು. ವೇಗದೊಡನೆ ವೋಲ್ಟೇಜೂ ಇಳಿಯುವುದರಿಂದ ಶಾಖವು ವೇಗಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಕಡಮೆಯಾಗುತ್ತದೆ.

ಅಪಾಯದ ಮಟ್ಟವನ್ನು ಲೆಕ್ಕಿಸಬೇಡವೆಂದು ಕರ್ನಲ್ಲಿಗೆ ಆಜ್ಞೆ ಕೊಡುವ ಮಾರ್ಗವೂ ಉಂಟು. ಫ್ಯೂಸು ಪದೇ ಪದೇ ಹೋಗುತ್ತದೆಂದು ಅದರ ಜಾಗದಲ್ಲಿ ದಪ್ಪ ತಂತಿ ಕಟ್ಟುವವರ ಉಪಾಯವಿದು. ಯಂತ್ರ ಆರುವುದೇನೋ ನಿಲ್ಲಬಹುದು, ಆದರೆ ಶಾಖ ಅಲ್ಲಿಯೇ ಉಳಿಯುತ್ತದೆ. ಬಾಳಿಕೆ ಬರಬೇಕಾದರೆ ಶಾಖಕ್ಕೆ ದಾರಿಯನ್ನೇ ಬಿಡಿಸಿಕೊಡಬೇಕು.