ಹಳೆಯ ಟ್ಯಾಂಕಿನ ಎಣ್ಣೆ ಉರಿಸಬಹುದೇ?

ಉತ್ತರ ಐರ್ಲೆಂಡಿನಲ್ಲಿ ಸುಮಾರು ಮೂರನೇ ಎರಡರಷ್ಟು ಮನೆಗಳು ಚಳಿಗಾಲ ಕಳೆಯುವುದು ಎಣ್ಣೆಯ ಬಾಯ್ಲರಿನ ಬಿಸಿಯಲ್ಲಿ. ಆ ಎಣ್ಣೆ ಬಹುಮಟ್ಟಿಗೆ ನಮಗೆ ಗೊತ್ತಿರುವ ಸೀಮೆಎಣ್ಣೆಯೇ. ಹಿತ್ತಲಲ್ಲಿ ದೊಡ್ಡ ಟ್ಯಾಂಕು, ಅಲ್ಲಿಂದ ಬಾಯ್ಲರಿಗೆ ಸಣ್ಣ ಕೊಳವೆ. ಮನೆಯವರು ಗ್ಯಾಸ್ ಸಂಪರ್ಕ ಪಡೆದಾಗ ಟ್ಯಾಂಕಿನಲ್ಲಿ ಉಳಿದ ಎಣ್ಣೆಯನ್ನು ಅಗ್ಗಕ್ಕೆ ಮಾರುತ್ತಾರೆ, ಇಲ್ಲವೇ ನೆರೆಯವರಿಗೆ ಕೊಟ್ಟುಬಿಡುತ್ತಾರೆ. ಅಂಥ ಎಣ್ಣೆಯನ್ನು ಉರಿಸಬಹುದು. ಅದು ಎಷ್ಟು ಹಳೆಯದು ಎಂಬುದಕ್ಕಿಂತ ಅದರಲ್ಲಿ ಏನು ಬೆರೆತಿದೆ ಎಂದು ತಿಳಿಯುವುದು ಮುಖ್ಯ.

ಮೊದಲ ಶತ್ರು ನೀರು. ರಾತ್ರಿಯ ಚಳಿಗೆ ಟ್ಯಾಂಕಿನೊಳಗಿನ ಗಾಳಿಯ ತೇವ ಹನಿಗಟ್ಟಿ ಗೋಡೆಯಗುಂಟ ಇಳಿಯುತ್ತದೆ. ಎಣ್ಣೆಗಿಂತ ಭಾರವಾದ್ದರಿಂದ ತಳ ಸೇರುತ್ತದೆ. ನೀರೂ ಎಣ್ಣೆಯೂ ಸೇರುವ ಗೆರೆಯಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಎಣ್ಣೆಯನ್ನೇ ತಿಂದು ಬೆಳೆದು ಕಪ್ಪು ಲೋಳೆ ಕಟ್ಟುತ್ತವೆ. ಬಾಯ್ಲರು ಎಣ್ಣೆಯನ್ನು ಒತ್ತಡದಿಂದ ಕೂದಲೆಳೆಯಂಥ ರಂಧ್ರದ ಮೂಲಕ ಮಂಜಾಗಿಸಿ ಉರಿಸುತ್ತದೆ. ಈ ಲೋಳೆ ಫಿಲ್ಟರನ್ನೂ ಆ ರಂಧ್ರವನ್ನೂ ಮುಚ್ಚಿಬಿಡುತ್ತದೆ. ಉರಿ ಕೆಟ್ಟರೆ ಮಸಿಯಷ್ಟೇ ಅಲ್ಲ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡೂ ಹುಟ್ಟುತ್ತದೆ. ಆದ್ದರಿಂದ ಎಣ್ಣೆಯನ್ನು ಮೇಲುಭಾಗದಿಂದ ಸೆಳೆಯಬೇಕು, ತಳದ ಒಂದು ಗೇಣನ್ನು ಮುಟ್ಟಬಾರದು. ತಂದ ಮೇಲೂ ಕೆಲವು ದಿನ ಅಲುಗಾಡಿಸದೆ ಇಡಬೇಕು. ನೀರಿನ ಹನಿಯ ವ್ಯಾಸ ಅರ್ಧವಾದರೆ ಅದು ಇಳಿಯುವ ವೇಗ ನಾಲ್ಕನೇ ಒಂದಕ್ಕೆ ಕುಸಿಯುತ್ತದೆ. ಕಣ್ಣಿಗೆ ಕಾಣದ ಹನಿಗಳಿಗೆ ಆ ಸಮಯ ಬೇಕು. ನೀರು ತಾಗಿದರೆ ಬಣ್ಣ ಬದಲಿಸುವ ಲೇಪವೊಂದು ಸಿಗುತ್ತದೆ. ಅದನ್ನು ಕೋಲಿನ ತುದಿಗೆ ಹಚ್ಚಿ ತಳಕ್ಕೆ ಮುಟ್ಟಿಸಿದರೆ ಸತ್ಯ ತಿಳಿಯುತ್ತದೆ.

ಎರಡನೆಯದು ಪೆಟ್ರೋಲು, ಇದು ಪ್ರಾಣಕ್ಕೇ ಕುತ್ತು. ಎಣ್ಣೆಯ ಆವಿ ಕಿಡಿ ತಗುಲಿ ಹೊತ್ತಿಕೊಳ್ಳುವ ಕನಿಷ್ಠ ಉಷ್ಣತೆ ಸೀಮೆಎಣ್ಣೆಗೆ 38 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರಕೂಡದು. ಪೆಟ್ರೋಲಿಗೆ ಅದು ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೆ. ಕೆಲವೇ ಶೇಕಡ ಪೆಟ್ರೋಲು ಬೆರೆತರೂ ಇಡೀ ಡಬ್ಬಿ ಕೋಣೆಯ ಉಷ್ಣತೆಯಲ್ಲೇ ಹೊತ್ತಿಕೊಳ್ಳಬಲ್ಲದು. 19ನೇ ಶತಮಾನದಲ್ಲಿ ಹಗುರ ನಾಫ್ತಾ ಬೆರೆತ ಎಣ್ಣೆಯಿಂದ ದೀಪಗಳು ಸಿಡಿದು ಜನ ಸತ್ತರು. ಬ್ರಿಟನ್ನಿನ ರಸಾಯನಶಾಸ್ತ್ರಜ್ಞ ಫ್ರೆಡರಿಕ್ ಏಬೆಲ್ ಈ ಹೊತ್ತಿಕೊಳ್ಳುವ ಉಷ್ಣತೆಯನ್ನು ಅಳೆಯಲು ಮುಚ್ಚಿದ ಬಟ್ಟಲಿನ ಸಾಧನ ರೂಪಿಸಿದರು, 1879ರಲ್ಲಿ ಅದು ಕಾನೂನಿಗೆ ಸೇರಿತು. ಅಂದು ಇಟ್ಟ ಗಡಿ 73 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 23 ಸೆಲ್ಸಿಯಸ್. ಭಾರತದ 1934ರ ಪೆಟ್ರೋಲಿಯಂ ಕಾಯ್ದೆಯೂ ಅತಿ ಅಪಾಯದ ‘ಎ’ ದರ್ಜೆಯನ್ನು ಬೇರ್ಪಡಿಸುವುದು ಅದೇ 23ರಲ್ಲಿ. ಹಾಗಾಗಿ ಪೆಟ್ರೋಲು ತುಂಬಿದ್ದ ಕ್ಯಾನಿನಲ್ಲಿ ಬಂದ ಎಣ್ಣೆಯನ್ನು ಒಪ್ಪಲೇಬೇಡಿ.

ಎಣ್ಣೆಯ ಜಾತಿಯನ್ನೂ ಕೇಳಿಕೊಳ್ಳಿ. ಉತ್ತರ ಐರ್ಲೆಂಡಿನವರು ಸೀಮೆಎಣ್ಣೆಯನ್ನು 28 ಸೆಕೆಂಡಿನ ಎಣ್ಣೆ ಎನ್ನುತ್ತಾರೆ, ಡೀಸೆಲ್ಲಿನಂಥ ಗ್ಯಾಸ್ ಆಯಿಲನ್ನು 35 ಸೆಕೆಂಡಿನದು ಎನ್ನುತ್ತಾರೆ. ನಿರ್ದಿಷ್ಟ ಅಳತೆಯ ಎಣ್ಣೆ ಸಣ್ಣ ರಂಧ್ರದಿಂದ ಸೋರಲು ಹಿಡಿಯುವ ಹೊತ್ತು ಅದು. ಒಂದಕ್ಕೆ ಹೊಂದಿಸಿದ ಬಾಯ್ಲರಿಗೆ ಇನ್ನೊಂದನ್ನು ಹಾಕಿದರೆ ಹೊಗೆಯೇ ಗತಿ. ವಾಹನದಿಂದ ತೆಗೆದ ಇಂಜಿನ್ ಆಯಿಲು ಬೆರೆಸುವುದಂತೂ ಬೇಡ, ಅದರಲ್ಲಿ ಲೋಹದ ಅಂಶಗಳಿರುತ್ತವೆ. ಹೊಗೆಕೊಳವೆಯಿಲ್ಲದ ಕೋಣೆಯ ಹೀಟರಿಗೂ ಹಳೆಯ ಎಣ್ಣೆ ತಕ್ಕದ್ದಲ್ಲ.

ಮೂಲ ತಿಳಿಯದ, ಪೆಟ್ರೋಲಿನ ವಾಸನೆಯಿರುವ ಎಣ್ಣೆಯನ್ನು ಮೋರಿಗೆ ಸುರಿಯಬೇಡಿ. ಸ್ಥಳೀಯ ಆಡಳಿತದ ಅಪಾಯಕಾರಿ ತ್ಯಾಜ್ಯ ಕೇಂದ್ರಕ್ಕೆ ಒಪ್ಪಿಸಿ. ಒಳ್ಳೆಯದೆಂದು ಖಾತ್ರಿಯಾದ ಎಣ್ಣೆಯನ್ನು ಹಾಕುವ ಮುನ್ನ ಮನೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೆಲಸ ಮಾಡುತ್ತಿದೆಯೇ ನೋಡಿಕೊಳ್ಳಿ.