ಕಿಟಕಿಗೆ ಅಡ್ಡವಾಗಿದ್ದ ಮಹಾಕಥೆ

1881ರಲ್ಲಿ ಶ್ರೀನಗರಕ್ಕೆ ಬಂದಿದ್ದ ಕ್ಯಾಸ್ಪರ್ ಪರ್ಡನ್ ಕ್ಲಾರ್ಕ್ ಲಂಡನ್ನಿನ ವಸ್ತುಸಂಗ್ರಹಾಲಯವೊಂದಕ್ಕೆ ಕಲಾವಸ್ತುಗಳನ್ನು ಕೊಳ್ಳುತ್ತಿದ್ದರು. ಅಲ್ಲಿ ಕಿಟಕಿಗಳಿಗೆ ಅಡ್ಡವಾಗಿ ಕಟ್ಟಿದ್ದ ಹಳೆಯ ಚಿತ್ರಪಟಗಳು ಅವರ ಕಣ್ಣಿಗೆ ಬಿದ್ದವು. ಬಟ್ಟೆಯ ಮೇಲೆ ಬರೆದ ಆ ಚಿತ್ರಗಳು ಅಕ್ಬರ್ ಚಕ್ರವರ್ತಿಗಾಗಿ ತಯಾರಾದ ‘ಹಮ್ಜಾನಾಮ’ದ ಪುಟಗಳು! ಅವರು ಕೊಂಡೊಯ್ದವು ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿವೆ.

ಹಮ್ಜಾ ಕಾಲ್ಪನಿಕ ವ್ಯಕ್ತಿಯಲ್ಲ. ಪ್ರವಾದಿ ಮುಹಮ್ಮದರ ಚಿಕ್ಕಪ್ಪನಾದ ಆತ 625ರ ಉಹುದ್ ಕದನದಲ್ಲಿ ಮಡಿದ. ಆದರೆ ಪರ್ಷಿಯಾದ ಕಥೆಗಾರರಿಗೆ ಇತಿಹಾಸ ಒಂದು ನೆಪ ಮಾತ್ರ. ಸಂತೆ, ಬೀದಿ, ಅರಮನೆಗಳಲ್ಲಿ ಬಾಯಿಂದ ಬಾಯಿಗೆ ಹರಿದ ಕಥೆಯಲ್ಲಿ ಹಮ್ಜಾ ದೊರೆ ನೌಶೇರ್ವಾನನ ಆಸ್ಥಾನಕ್ಕೆ ಹೋಗುತ್ತಾನೆ, ಅವನ ಮಗಳು ಮೆಹರ್ ನಿಗಾರಳಿಗೆ ಮನಸೋಲುತ್ತಾನೆ, ದೈತ್ಯರನ್ನು ಕೊಲ್ಲುತ್ತಾನೆ. ಹದಿನೆಂಟು ದಿನದಲ್ಲಿ ಬರುತ್ತೇನೆಂದು ಪರಿಗಳ ನಾಡಾದ ಕಾಫ್ ಪರ್ವತಕ್ಕೆ ಹೊರಟವನು ಹದಿನೆಂಟು ವರ್ಷ ಅಲ್ಲೇ ಸಿಕ್ಕಿಬೀಳುತ್ತಾನೆ.

ಕೇಳುಗರ ಅಚ್ಚುಮೆಚ್ಚಿನವನು ಮಾತ್ರ ಹಮ್ಜಾ ಅಲ್ಲ, ಅವನ ಗೆಳೆಯ ಅಮರ್. ವೇಷ ಬದಲಿಸುವುದು, ಮದ್ದು ಹಾಕಿ ಮೂರ್ಛೆ ಬರಿಸುವುದು, ಶತ್ರುವಿನ ಪಾಳೆಯಕ್ಕೇ ಕನ್ನ ಹಾಕುವುದು ಅವನ ವಿದ್ಯೆ. ಅವನ ಜೋಳಿಗೆಯಲ್ಲಿ ಏನು ಹಾಕಿದರೂ ತುಂಬುವುದಿಲ್ಲ. ಜಿಪುಣಾಗ್ರೇಸರ ಬೇರೆ! ಮಕ್ಕಳು ಇವನನ್ನು ಬಿಟ್ಟಾರೆಯೆ?

ಹುಡುಗ ಅಕ್ಬರನೂ ಬಿಡಲಿಲ್ಲ. ಓದು ಬರಹ ಒಲಿಯದ ಆತ ದರ್ಬಾರ್ ಖಾನ್ ಎಂಬ ಕಥೆಗಾರನಿಂದ ಹಮ್ಜಾನ ಕಥೆ ಕೇಳುತ್ತಿದ್ದ. ಪಟ್ಟಕ್ಕೆ ಬಂದ ಕೆಲವೇ ವರ್ಷಗಳಲ್ಲಿ ಅದನ್ನು ಚಿತ್ರಗಳಲ್ಲಿ ಮೂಡಿಸಲು ಅಪ್ಪಣೆ ಕೊಟ್ಟ. ಇರಾನಿನಿಂದ ಬಂದ ಮೀರ್ ಸಯ್ಯದ್ ಅಲಿ, ಅಬ್ದುಸ್ ಸಮದ್ ಮೇಲ್ವಿಚಾರಣೆಯಲ್ಲಿ ಸುಮಾರು 15 ವರ್ಷ ದುಡಿದ ಕಲಾವಿದರು 1,400ರಷ್ಟು ಚಿತ್ರ ಬರೆದರು. ಒಂದೊಂದೂ ಎರಡಡಿಗಿಂತ ಎತ್ತರ. ಚಿತ್ರ ಒಂದು ಬದಿಗೆ, ಬರಹ ಹಿಂಬದಿಗೆ. ಸಭೆಗೆ ಚಿತ್ರ ತೋರಿಸುತ್ತ ಹಿಂದಿನಿಂದ ಓದಿ ಹೇಳುತ್ತಿದ್ದಿರಬೇಕೆಂದು ಹಲವು ವಿದ್ವಾಂಸರ ಊಹೆ.

ಈಗ ಉಳಿದಿರುವುದು ಇನ್ನೂರಕ್ಕಿಂತ ಕಡಿಮೆ. ಕೆಲವದರಲ್ಲಿ ಮುಖಗಳನ್ನೇ ಕೆರೆದು ಹಾಕಿದ್ದಾರೆ. 60 ಪುಟಗಳು ವಿಯೆನ್ನಾದಲ್ಲಿವೆ.

ಕಥೆ ಮಾತ್ರ ಉರ್ದುವಿನಲ್ಲಿ ಬೆಳೆಯುತ್ತಲೇ ಹೋಯಿತು. 1883ರಿಂದ ಲಖನೌದ ನವಲ್ ಕಿಶೋರ್ ಮುದ್ರಣಾಲಯ ಪ್ರಕಟಿಸತೊಡಗಿದ ‘ದಾಸ್ತಾನ್’ ಕೊನೆಗೆ 46 ದಪ್ಪ ಸಂಪುಟಗಳಾಯಿತು. ಅಚ್ಚಿಗೆ ಬಂದರೇನು, ಹೇಳುವವರೇ ಇಲ್ಲವಾದರು. ದೆಹಲಿಯ ಕೊನೆಯ ಹೆಸರಾಂತ ಕಥೆಗಾರ ಮೀರ್ ಬಾಕರ್ ಅಲಿ 1928ರಲ್ಲಿ ತೀರಿಕೊಂಡರು. ಅವರ ವಿದ್ಯೆಗೆ ವಾರಸುದಾರರಿರಲಿಲ್ಲ. ಮುಂದೆ ಎಪ್ಪತ್ತೇಳು ವರ್ಷ ಕಳೆದು, 2005ರಲ್ಲಿ, ದೆಹಲಿಯಲ್ಲೇ ಮಹಮೂದ್ ಫಾರೂಕಿ ಅದೇ ಸಂಪುಟಗಳನ್ನು ಬಿಚ್ಚಿ ವೇದಿಕೆ ಹತ್ತಿದರು. ಬಿಳಿ ಅಂಗರಖಾ ತೊಟ್ಟು, ಚಾಪೆಯ ಮೇಲೆ ಕುಳಿತು ಅಮರನ ಕುಯುಕ್ತಿಗಳನ್ನು ಹೇಳಿದಾಗ ಜನ ನಕ್ಕರು.